ಬಾಗಿಲಲ್ಲಿ ನಿಂತ ಅಕ್ಷರ

ಮೂರನೆಯ ತಂತಿಯನ್ನೂ ಬದಲಾಯಿಸಿ ನೋಡಿದ ಮೇಲೆ ತಂತಿಯ ಮೇಲಿದ್ದ ಸಂಶಯ ಅವನಿಗೆ ಪೂರ್ತಿ ಹೋಯಿತು. ಹೋದ ಜಾಗದಲ್ಲಿ ಮತ್ತೇನೋ ಬಂದು ಕೂತಿತು. ಅದರ ಮುಖ ನೋಡಲು ಮನಸ್ಸಾಗದೆ ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಬೆಳಗಿನ ಹತ್ತೂವರೆ. ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಆ ಅಂಗಡಿಯ ಒಂದೇ ಕಿಟಕಿಯಿಂದ ಬಂದ ಬಿಸಿಲು ಮೇಜಿನ ಅರ್ಧಕ್ಕೆ ಬಂದು, ಐದು ಕಿಲೋದ ಕಬ್ಬಿಣದ ತೂಕದ ಬಟ್ಟಿಗೆ ತಾಗಿ ನಿಂತಿತ್ತು. ಬೆಳಗ್ಗೆ ಬೀಗ ತೆಗೆದ ಕೂಡಲೇ ಈ ಮೇಜಿನ ಮುಂದೆ ಒಂದು ನಿಮಿಷ ಕಣ್ಣು ಮುಚ್ಚಿ, ಯಾರ ತೂಕವೂ ನನ್ನ ಕೈಯಲ್ಲಿ ತಪ್ಪದಿರಲಿ ಎಂದು ಬೇಡಿಕೊಳ್ಳುವುದು ಅವನ ಅಭ್ಯಾಸ. ಇವತ್ತೂ ಬೇಡಿಕೊಂಡಿದ್ದ. ಬೇಡಿಕೊಳ್ಳುವಾಗ ದೇವರ ಕಡೆ ಇದ್ದ ಮನಸ್ಸು ಕಣ್ಣು ತೆರೆದ ಮರುಕ್ಷಣ ಎಲ್ಲಿಗೆ ಹೋಗುತ್ತದೆ ಎಂದು ಈಗ ಕನ್ನಡಕ ಒರೆಸುತ್ತ ಸುಮ್ಮನೆ ಯೋಚಿಸಿದ.

ಮೇಜಿನ ಮೇಲಿದ್ದದ್ದು ಧಾನ್ಯದ ಉಗ್ರಾಣದಿಂದ ಬಂದ ಕಂಪ್ಯೂಟರು. ಲಾರಿ ತೂಗುವ ಯಂತ್ರ ಹೇಳಿದ ತೂಕವನ್ನು ಪರದೆಯ ಮೇಲೆ ತೋರಿಸುವುದಷ್ಟೇ ಅದರ ಕೆಲಸ. ತಿಂಗಳ ಹಿಂದೆ ಹಳೆಯ ಯಂತ್ರ ತೆಗೆದು ಹೊಸದನ್ನು ಹಾಕಿದಾಗಿನಿಂದ ಆಗೊಮ್ಮೆ ಈಗೊಮ್ಮೆ, ಎದುರಿಗೆ ನಿಂತ ಲಾರಿಯ ತೂಕ ಬರುವ ಬದಲು ಹಿಂದೆ ಬಂದು ಹೋದ ಲಾರಿಯ ತೂಕವೇ ಪರದೆಯಲ್ಲಿ ಉಳಿದುಬಿಡುತ್ತಿತ್ತು. ಅಲ್ಲಿನ ಗುಮಾಸ್ತೆ ನಿನ್ನೆ ತಾನೇ ಅದನ್ನು ತಂದು ಇಳಿಸಿ, "ಇದಕ್ಕೆ ವಯಸ್ಸಾಯ್ತು ಸಾರ್," ಅಂದಿದ್ದಳು. "ಎದುರಿಗೆ ನಿಂತವರನ್ನ ಬಿಟ್ಟು ಹೋದವರ ಸುದ್ದೀನೇ ಹೇಳತ್ತೆ, ನಮ್ಮತ್ತೆ ಥರ." ಅವನು ನಕ್ಕು, ತಂತಿ ಸಡಿಲವಾಗಿರುತ್ತದೆ, ನಾಳೆ ಸಂಜೆ ಬನ್ನಿ ಎಂದಿದ್ದ. ತಂತಿ ಎಂಬ ಮಾತು ಅವನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತಿತ್ತೆಂದರೆ, ಅದು ಬಂದದ್ದೇ ಅವನಿಗೆ ತಿಳಿಯುತ್ತಿರಲಿಲ್ಲ.

ತೂಕ ಬರುವುದು ಕಂಪ್ಯೂಟರಿನ ಬೆನ್ನಿಗೆ ತಂತಿ ಸಿಕ್ಕಿಸುವ ಸೀರಿಯಲ್ ಪೋರ್ಟಿನಿಂದ. ಒಬ್ಬರೇ ದಾಟಬಹುದಾದ ಕಾಲುಸೇತುವೆಯ ಮೇಲೆ ಜನ ಬಂದಂತೆ ಅಂಕಿಗಳು ಒಂದರ ಹಿಂದೆ ಒಂದು ಬರುತ್ತವೆ. ಕೊನೆಗೆ, ಮುಗಿಯಿತು ಎಂದು ಹೇಳುವ ಒಂದು ಅಕ್ಷರ ಬರುತ್ತದೆ. ಅದು ಬರುವ ತನಕ ಪರದೆ ಹಳೆಯ ತೂಕವನ್ನು ಬಿಡುವುದಿಲ್ಲ. ಬೆಳಗಿನಿಂದ ಅವನು, ತೂಗಿದಾಗ ಒಂದೇ ಸಲ ತೂಕ ಹೇಳುವ ಅಂಗಡಿಯ ಒಂದು ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ, ಬಟ್ಟನ್ನು ಇಟ್ಟು ತೆಗೆದು, ಇಟ್ಟು ತೆಗೆದು ನಾನೂರು ಸಲ ತೂಗಿದ್ದ. ಮೂರು ಸಲ ಕೊನೆಯ ಅಕ್ಷರ ಬರಲಿಲ್ಲ. ಮೂರು ಸಲವೂ ಮುಂದಿನ ತೂಕದ ಮೊದಲ ಅಂಕಿ ಬಂದೊಡನೆ ಅದರ ಜೊತೆಯಲ್ಲೇ ಆ ಹಳೆಯ ಅಕ್ಷರವೂ ಒಳಗೆ ಬಂತು. ಅಂದರೆ ಅದು ಕಳೆದುಹೋಗಿರಲಿಲ್ಲ. ಬಂದು ಬಾಗಿಲಲ್ಲೇ ನಿಂತಿತ್ತು. ಯಾರೂ ಒಳಗೆ ಕರೆದಿರಲಿಲ್ಲ. ತಂತಿಯ ತಪ್ಪಾಗಿದ್ದರೆ ಅಕ್ಷರ ಹೋಗಿಯೇ ಹೋಗಬೇಕಿತ್ತು. ತಂತಿ ನುಂಗುತ್ತದೆ ಸ್ವಾಮಿ, ಕಾಯಿಸುವುದಿಲ್ಲ. ಈ ಮಾತು ತನ್ನದಲ್ಲ ಎಂದು ಅವನಿಗೆ ಹೊಳೆಯಲು ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು. ಎಂಟು ವರ್ಷದ ಹಿಂದೆ ಒಬ್ಬ ಬರೆದದ್ದು ಅದು, ಇದೇ ಪದಗಳಲ್ಲಿ.

ಯಾರೊಬ್ಬರ ಸ್ವತ್ತೂ ಅಲ್ಲದ, ಸಾವಿರಾರು ಜನ ಬಿಡುವಿನಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಕರ್ನೆಲ್ ಒಂದಿದೆ; ಯಂತ್ರ ಎಚ್ಚರವಾಗಿರುವಷ್ಟು ಹೊತ್ತೂ ಒಳಗಿನ ಎಲ್ಲ ಕೆಲಸಗಳನ್ನು ಹಂಚಿ ನಡೆಸುವ ಕೋಡು ಅದು. ಉಗ್ರಾಣದ ಕಂಪ್ಯೂಟರಿನಲ್ಲಿದ್ದದ್ದೂ ಅದೇ. ಅದರಲ್ಲಿ ಸೀರಿಯಲ್ ಪೋರ್ಟಿನ ಹಿಂದಿರುವ ಈ ಜಾತಿಯ ಚಿಪ್ಪನ್ನು ನೋಡಿಕೊಳ್ಳುವ ಒಂದು ಫೈಲು ಹನ್ನೆರಡು ವರ್ಷಗಳಿಂದ ಅವನ ಪಾಲಿಗೆ ಬಂದಿತ್ತು. ಸಂಬಳವಿಲ್ಲ; ಊರ ಬಾವಿಯ ಮೆಟ್ಟಿಲನ್ನು ಯಾರೂ ಹೇಳದೆಯೇ ಗುಡಿಸುವವನಂತೆ ಗುಡಿಸುತ್ತ ಬಂದಿದ್ದ. ಫೈಲಿನ ಎದೆಯಲ್ಲಿ ಅವನೇ ಬರೆದ ಹದಿನಾಲ್ಕು ಸಾಲುಗಳಿದ್ದವು. ಅಕ್ಷರ ಬಂದಾಗ ಚಿಪ್ಪು ಕರೆಗಂಟೆ ಒತ್ತುತ್ತದೆ. ಅದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಕರ್ನೆಲ್ ಕೈಯಲ್ಲಿದ್ದ ಕೆಲಸವನ್ನು ಇದ್ದಲ್ಲೇ ಬಿಟ್ಟು ಓಡಿ ಬಂದು ಈ ಹದಿನಾಲ್ಕು ಸಾಲುಗಳ ಕೈಗೆ ಸಿಗುತ್ತದೆ. ಆ ಸಾಲುಗಳು ಹೇಳುವುದು ಇಷ್ಟೇ: ಹದಿನಾರು ಮನೆಗಳ ಪುಟ್ಟ ತಟ್ಟೆಯಲ್ಲಿ ಬಂದು ನಿಂತ ಅಕ್ಷರಗಳನ್ನೆಲ್ಲ ತೆಗೆದುಕೊ, ತಟ್ಟೆ ಖಾಲಿಯಾಯಿತೇ ನೋಡು, ಖಾಲಿಯಾದರೆ ಗಂಟೆ ನಿಲ್ಲಿಸು, ಹೋಗು. ಬಿಟ್ಟುಬಂದ ಕೆಲಸಕ್ಕೆ ತನ್ನನ್ನು ಬಿಟ್ಟುಹೋಗಿದ್ದರು ಎಂಬುದೂ ತಿಳಿಯಬಾರದು. ಅಷ್ಟು ಚುರುಕಾದ, ಅಷ್ಟು ಸದ್ದಿಲ್ಲದ ಸಾಲುಗಳು ಎಂದು ಅವನಿಗೆ ಹೆಮ್ಮೆಯಿತ್ತು. ಈಗ ಅದೇ ಸಾಲುಗಳನ್ನು ಪರದೆಯ ಮೇಲೆ ತೆರೆದು, ಬೆರಳಿಟ್ಟು, ಬೇರೆಯವರ ಕೈಬರಹ ಓದುವವನಂತೆ ಓದಿದ. ತಟ್ಟೆ ಖಾಲಿ ಎಂದು ನೋಡುವುದಕ್ಕೂ ಗಂಟೆ ನಿಲ್ಲಿಸುವುದಕ್ಕೂ ನಡುವೆ ಕೂದಲೆಳೆಯಷ್ಟು ಸಂದಿಯಿತ್ತು. ಆ ಸಂದಿಯಲ್ಲಿ ಒಂದು ಅಕ್ಷರ ಬಂದು ಗಂಟೆ ಒತ್ತಿದರೆ, ಅದು ಈಗಾಗಲೇ ಮೊಳಗುತ್ತಿರುವ ಗಂಟೆ, ಹೊಸ ಕರೆಯೆಂದು ತಿಳಿಯುವುದಿಲ್ಲ. ಮರುಗಳಿಗೆ ಇವನ ಸಾಲು ಅದನ್ನು ನಿಲ್ಲಿಸಿಬಿಡುತ್ತದೆ. ತಟ್ಟೆಯಲ್ಲಿ ಅಕ್ಷರ, ಮನೆಯಲ್ಲಿ ಮೌನ. ಹಳೆಯ ಯಂತ್ರ ಸೆಕೆಂಡಿಗೆ ಹತ್ತು ಸಲ ತೂಕ ಹೇಳುತ್ತಿದ್ದುದರಿಂದ ನಿಂತ ಅಕ್ಷರವನ್ನು ಹಿಂದೆಯೇ ಬಂದದ್ದು ಒಳಗೆ ತಳ್ಳುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸದು ಲಾರಿಗೆ ಒಂದೇ ಸಲ ಹೇಳುವುದು.

ಎಂಟು ವರ್ಷದ ಹಿಂದೆ ಬರೆದವನ ಬಳಿ ಗಂಟೆಗೊಮ್ಮೆ ಮಾತ್ರ ಮಾತಾಡುವ ಯಂತ್ರವಿತ್ತು. ಯಾವುದೋ ಗುಡ್ಡದ ತಲೆಯ ಮೇಲೆ ಗಾಳಿಯ ವೇಗ ಅಳೆಯುವ ಕೆಲಸದವನು. ಕರ್ನೆಲ್ ಬರೆಯುವವರು ಒಬ್ಬರಿಗೊಬ್ಬರು ಇಮೇಲ್ ಬರೆಯುವ ಅಂಚೆಪಟ್ಟಿಯಲ್ಲಿ ಎಲ್ಲರೂ ಎರಡು ಸಾಲಿನಲ್ಲಿ ವಿಷಯ ಮುಗಿಸುತ್ತಿದ್ದಾಗ, ಅವನು ಎಲ್ಲರ ಕ್ಷೇಮಸಮಾಚಾರ ಕೇಳಿ, ಗುಡ್ಡದ ಮೇಲಿನ ಚಳಿ ವರ್ಣಿಸಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದಿದ್ದ. ಕೆಳಗೆ ಒಂದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಲಗತ್ತಿಸಿದ್ದ, ಎರಡು ಸಾಲುಗಳನ್ನು ಹಿಂದುಮುಂದು ಮಾಡಿದ್ದು: ಮೊದಲು ಗಂಟೆ ನಿಲ್ಲಿಸಿ, ಆಮೇಲೆ ತಟ್ಟೆ ನೋಡಿ. ಆ ವಾರವೇ ಅಂಗಡಿಯ ಯಜಮಾನರು ಗಿರಾಕಿಗಳ ಎದುರು, ಇವನು ತಲೆಕೆಳಗಾಗಿ ಕೂರಿಸಿದ್ದ ಒಂದು ತಕ್ಕಡಿಯ ತಟ್ಟೆಯನ್ನು ಎತ್ತಿ ಹಿಡಿದು ತೋರಿಸಿದ್ದರು. ಒಬ್ಬ ಗಿರಾಕಿಯ ಹೆಂಡತಿ ನಗು ತಡೆಯಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವನು ಎಂಟು ವರ್ಷ ನಂಬಿದ್ದ. ಮೊದಲು ತಂತಿ ಬದಲಾಯಿಸಿ ನೋಡಿ ಎಂದು ಗಾಳಿಯವನಿಗೆ ಉತ್ತರ ಬರೆದ. ಬದಲಾಯಿಸಿದೆ, ತಂತಿ ನುಂಗುತ್ತದೆ ಸ್ವಾಮಿ ಎಂದು ಎರಡನೆಯ ಕಾಗದ ಬಂತು. ಮೂರನೆಯದಕ್ಕೆ ಇವನು ಬರೆದದ್ದು ಎರಡೇ ಪದ: "ತಂತಿ ನೋಡಿದ್ರಾ?" ಪಟ್ಟಿಯಲ್ಲಿ ಯಾರೋ ನಕ್ಕರು, ಇನ್ಯಾರೋ ಗಾಳಿಯವನಿಗೆ ತಂತಿಯಣ್ಣ ಎಂದು ಹೆಸರಿಟ್ಟರು. ನಾಲ್ಕನೆಯ ಕಾಗದ ಬರಲಿಲ್ಲ. ಮಾತು ಮಾತ್ರ ಉಳಿಯಿತು. ಯಾರದಾದರೂ ದೂರಿಗೆ ಆಧಾರವಿಲ್ಲ ಅನ್ನಿಸಿದರೆ ಇವತ್ತಿಗೂ ಪಟ್ಟಿಯಲ್ಲಿ ತಂತಿ ನೋಡಿದ್ರಾ ಎನ್ನುತ್ತಾರೆ. ಹೋದ ವಾರ ಹೊಸಬನೊಬ್ಬನಿಗೆ ಹಾಗೆಂದರು. ಓದಿ, ತಾನು ನೆಟ್ಟ ಗಿಡ ಬೇರೆಯವರ ಹಿತ್ತಲಲ್ಲಿ ಹೂ ಬಿಟ್ಟದ್ದು ಕಂಡವನಂತೆ ಅವನಿಗೆ ಒಳಗೊಳಗೇ ಸುಖವಾಗಿತ್ತು.

ಸಾಲುಗಳನ್ನು ಅದಲುಬದಲು ಮಾಡಲು ಒಂದು ನಿಮಿಷ ಸಾಕು. ಬದಲಾವಣೆಗಳನ್ನು ಸಂಗ್ರಹಿಸಿ ಕರ್ನೆಲಿಗೆ ಸೇರಿಸುವವಳು ಇವತ್ತು ಸಂಜೆ ಐದರವರೆಗೆ ಮಾತ್ರ ತೆಗೆದುಕೊಳ್ಳುತ್ತಾಳೆ, ತಪ್ಪಿದರೆ ಇನ್ನು ಹತ್ತು ವಾರ ಕಾಯಬೇಕು. ಅವನಿಗಿಂತ ಹದಿನೈದು ವರ್ಷ ಚಿಕ್ಕವಳಾದರೂ ಪಟ್ಟಿಯವರಿಗೆಲ್ಲ ಅವಳು ದೊಡ್ಡಕ್ಕ. ಕಷ್ಟವಿದ್ದದ್ದು ಸಾಲುಗಳಲ್ಲಲ್ಲ, ಅವುಗಳ ತಲೆಯ ಮೇಲೆ ಬರೆಯಬೇಕಾದ ಟಿಪ್ಪಣಿಯಲ್ಲಿ. ಅಲ್ಲಿನ ಕಟ್ಟಳೆ ಅದು: ಏನು ತಪ್ಪಿತ್ತು, ಯಾರ ಯಾವ ಬದಲಾವಣೆಯಿಂದ ಆ ತಪ್ಪು ಬಂತು, ಮೊದಲು ಕಂಡು ಹೇಳಿದವರು ಯಾರು, ಪರೀಕ್ಷಿಸಿದವರು ಯಾರು, ಎಲ್ಲ ಹೆಸರು ಸಮೇತ. ಒಮ್ಮೆ ಸೇರಿದ ಟಿಪ್ಪಣಿಯನ್ನು ಯಾರೂ ಅಳಿಸಲಾರರು. ಅವನು ಬರೆದ: ಇಂಟರಪ್ಟ್ ಭಾಗದಲ್ಲಿ ಸಣ್ಣ ಸ್ವಚ್ಛತೆ. ಬರೆದು ನೋಡಿದ. ಚೆನ್ನಾಗಿಯೇ ಇತ್ತು. ಮನೆಗೆ ನೆಂಟರು ಬರುವ ಹೊತ್ತಿಗೆ ಮಂಚದ ಕೆಳಗೆ ತಳ್ಳಿದ ಬಟ್ಟೆಯ ಗಂಟಿನ ಹಾಗೆ ಅಚ್ಚುಕಟ್ಟಾಗಿತ್ತು. ಯಾರೂ ಬಗ್ಗಿ ನೋಡುವವರಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹೆಂಡತಿ ಆಗಲೇ ಬಂದಿದ್ದಳು. ವಾಚನಾಲಯದಲ್ಲಿ ಹರಿದ ಪುಸ್ತಕಗಳಿಗೆ ಮತ್ತೆ ರಟ್ಟು ಕಟ್ಟುವ ಕೆಲಸ ಅವಳದು. ಉಗುರಿನ ಸಂದಿಯಲ್ಲಿ ಒಣಗಿದ ಅಂಟು ಯಾವಾಗಲೂ ಇರುತ್ತಿತ್ತು. ಅವನು ಬೇರೆ ಯಾರದೋ ಕಥೆ ಹೇಳುವಂತೆ ಶುರುಮಾಡಿ, ಅರ್ಧದಲ್ಲಿ ದನಿ ತಪ್ಪಿ, ತನ್ನದೆಂದೇ ಮುಗಿಸಿದ. ಅವಳಿಗೆ ಚಿಪ್ಪು ತಟ್ಟೆಗಳ ವಿಚಾರ ಬೇಕಿರಲಿಲ್ಲ. ಆ ಮನುಷ್ಯನ ಹೆಸರು ನೆನಪಿದೆಯಾ ಎಂದು ಕೇಳಿದಳು. ನೆನಪಿತ್ತು, ಎಂಟು ವರ್ಷ ಬಳಸಿರಲಿಲ್ಲ ಅಷ್ಟೆ.

"ಹಾಗಾದ್ರೆ ಅವರಿಗೆ ಒಂದು ಕಾಗದ ಹಾಕಿ."

"ವಿಳಾಸ ಬದಲಾಗಿರಬಹುದು."

"ಬದಲಾಗಿರ್ಲಿ ಅಂತ ಆಸೆ ಇದೆಯೇನ್ರೀ ನಿಮಗೆ?"

ಅವನು ತಟ್ಟೆಯ ಅಂಚಿಗೆ ಅಂಟಿದ್ದ ಒಂದು ಅಗುಳನ್ನು ಬೆರಳಿನಿಂದ ಬಹಳ ಹೊತ್ತು ಬಿಡಿಸುತ್ತ ಕೂತ. ಅವಳು ಎದ್ದು ಕೈ ತೊಳೆಯಲು ಹೋದಳು. ಅವಳ ಈ ಗುಣ ಅವನಿಗೆ ಮದುವೆಯಾದ ಹೊಸದರಲ್ಲಿ ಹೆದರಿಕೆ ತರುತ್ತಿತ್ತು. ಪ್ರಶ್ನೆಯನ್ನು ಇಟ್ಟು ಎದ್ದು ಹೋಗಿಬಿಡುವುದು, ಅದು ಇಲ್ಲೇ ಕೂತಿರುವುದು.

ಅಂಗಡಿಗೆ ಹಿಂದಿರುಗಿ ಬರೆದ. ನೀವು ಹೇಳಿದ್ದು ಸರಿ, ನಾನು ಅಂದದ್ದು ತಪ್ಪು, ಇವತ್ತು ನನ್ನ ಮೇಜಿನ ಮೇಲೇ ಕಂಡೆ. ನಿಮ್ಮ ಪ್ಯಾಚನ್ನೇ, ಬರೆದವರು ನೀವೆಂದು ನಿಮ್ಮ ಹೆಸರಿನಲ್ಲೇ ಇವತ್ತು ಸೇರಿಸುತ್ತೇನೆ, ಒಪ್ಪಿಗೆ ಕೊಡಿ. ಈ ಕೊನೆಯ ಸಾಲು ಬರೆದಾಗ ಅವನಿಗೆ ತಾನು ಉದಾರಿ ಅನ್ನಿಸಿತು. ಕಳಿಸಿದ ಮೇಲೆ ಏನು ಉತ್ತರ ಬರಬಹುದೆಂದು ಮನಸ್ಸು ಒಂದೊಂದೇ ಹೆಣೆಯಿತು. ಬೈಯಬಹುದು. ಕಾಗದ ತಲುಪದೆ ತಿರುಗಿ ಬರಬಹುದು. ಮನುಷ್ಯ ಇಲ್ಲವೇ ಇಲ್ಲದಿರಬಹುದು. ಆ ಯೋಚನೆಯ ತಳದಲ್ಲಿ ಒಂದು ನಿರಾಳವಿತ್ತು, ಅದನ್ನು ಕಂಡು ಅವನು ದೇವರೇ ಎಂದು ಮೆಲ್ಲಗೆ ಅಂದುಕೊಂಡ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ಮೊದಲ ಪ್ಯಾರಾ ಪೂರ್ತಿ ಕ್ಷೇಮಸಮಾಚಾರ.

ಗಾಳಿಯವನು ಯಾವ ದೂರೂ ಹೇಳಿರಲಿಲ್ಲ. ನೀವು ಹೇಳಿದ ಮೇಲೆ ನಿಜಕ್ಕೂ ಏಳು ಸಲ ತಂತಿ ಬದಲಾಯಿಸಿದೆ, ಗುಡ್ಡ ಹತ್ತಿ ಇಳಿದು ಮಂಡಿ ಹೋಯಿತು, ಈಗ ಕೋಲು ಹಿಡಿದಿದ್ದೇನೆ, ಅದನ್ನೂ ನಿಮ್ಮ ಲೆಕ್ಕಕ್ಕೆ ಹಾಕುವುದಿಲ್ಲ ಎಂದು ಬರೆದಿದ್ದ. ಆಮೇಲೆ, ಹೊಸ ಕರ್ನೆಲ್ ಬಂದಾಗಲೆಲ್ಲ ತನ್ನ ಯಂತ್ರಕ್ಕೆ ಹಾಕುವ ಮೊದಲು ಆ ಫೈಲು ತೆರೆದು, ಎರಡು ಸಾಲುಗಳನ್ನು ಕೈಯಾರೆ ಅದಲುಬದಲು ಮಾಡಿಕೊಳ್ಳುತ್ತೇನೆ ಎಂದಿದ್ದ. ಇಲ್ಲಿಯವರೆಗೆ ನಲವತ್ತೊಂದು ಸಲ. ಅವನು ಆ ಸಂಖ್ಯೆಯನ್ನು ಎರಡು ಸಲ ಓದಿದ. ತಾನು ಸದ್ದಿಲ್ಲದ ಸಾಲುಗಳೆಂದು ಹೆಮ್ಮೆಪಡುತ್ತಿದ್ದಷ್ಟು ಕಾಲವೂ ಎಲ್ಲೋ ಒಂದು ಗುಡ್ಡದ ಮೇಲೆ ಒಬ್ಬ ಕೂತು, ಯಾರಿಗೂ ಹೇಳದೆ, ಅವನ್ನು ತಿದ್ದುತ್ತಲೇ ಇದ್ದ.

ಆದರೆ ಕಾಗದ ಅಲ್ಲಿಗೆ ಮುಗಿದಿರಲಿಲ್ಲ. "ಪ್ಯಾಚಿಗೆ ನನ್ನ ಹೆಸರು ಹಾಕಬೇಡಿ," ಎಂದಿತ್ತು. "ಅದೂ ತಪ್ಪೇ. ಮೂರು ವರ್ಷ ಆದ್ಮೇಲೆ ಗೊತ್ತಾಯ್ತು." ಮೊದಲು ಗಂಟೆ ನಿಲ್ಲಿಸಿ ಆಮೇಲೆ ತಟ್ಟೆ ಖಾಲಿ ಮಾಡಿದರೆ, ನಡುವೆ ಬಂದ ಅಕ್ಷರವನ್ನೂ ಇದೇ ಸಲ ತೆಗೆದುಕೊಂಡಾಗಿರುತ್ತದೆ, ಆದರೆ ಅದು ಒತ್ತಿದ ಗಂಟೆ ಉಳಿದಿರುತ್ತದೆ. ಕರ್ನೆಲ್ ಮತ್ತೆ ಓಡಿ ಬರುತ್ತದೆ, ತಟ್ಟೆಯಲ್ಲಿ ಏನೂ ಇರುವುದಿಲ್ಲ, ಕೋಡು ಈ ಕರೆ ನನ್ನದಲ್ಲ ಎನ್ನುತ್ತದೆ. ನನ್ನದಲ್ಲ ಎಂಬ ಮಾತು ಮಿತಿ ಮೀರಿ ಕೇಳಿಬಂದರೆ ಕರ್ನೆಲ್ ಬೇಸತ್ತು ಆ ಗಂಟೆಯನ್ನೇ ಕಿತ್ತುಹಾಕುತ್ತದೆ. ಹಾಗೆ ಒಂದು ದಿನ ಗಾಳಿಯವನ ಪೋರ್ಟು ಪೂರ್ತಿ ಕಿವುಡಾಗಿ, ನಾಲ್ಕು ದಿನದ ಗಾಳಿ ಯಾವ ಪುಸ್ತಕಕ್ಕೂ ಸೇರದೆ ಬೀಸಿಹೋಯಿತು. ಬಂದು ನೋಡಿ ಏನೂ ಸಿಗದಿದ್ದರೂ ಕರೆ ನನ್ನದೇ ಎಂದು ಹೇಳುವ ಮೂರನೆಯ ಸಾಲು ಬೇಕು ಎಂದು ಆಮೇಲೆ ತಿಳಿದು, ತನ್ನ ಪ್ರತಿಗೆ ಅದನ್ನೂ ಸೇರಿಸಿಕೊಳ್ಳತೊಡಗಿದನಂತೆ. ಪಟ್ಟಿಗೆ ಬರೆಯೋಣವೆಂದುಕೊಂಡು, ಮತ್ತೆ ತಂತಿಯ ಮಾತು ಬರುತ್ತದೆಂದು ಸುಮ್ಮನಾದನಂತೆ.

ಓದುತ್ತಿದ್ದಂತೆ ಅವನಿಗೆ ಹಗುರವೆನಿಸಿತು. ಹಾಗಾದರೆ ಪ್ಯಾಚ್ ತಪ್ಪಿತ್ತು. ತಪ್ಪು ಪ್ಯಾಚನ್ನು ತಾನು ಬೇಡವೆಂದಿದ್ದ. ಕೈ ತಾನಾಗಿ ಟಿಪ್ಪಣಿಯ ಕಡೆ ಹೋಗಿ, ಹಿಂದೆ ಸೂಚಿಸಲಾಗಿದ್ದ ಪ್ಯಾಚ್ ದೋಷಪೂರ್ಣವಾಗಿದ್ದುದರಿಂದ ಸ್ವೀಕರಿಸಿರಲಿಲ್ಲ ಎಂದು ಬರೆಯಿತು. ಅದರ ಒಂದೊಂದು ಪದವನ್ನೂ ಯಾರ ಮುಂದೆ ಬೇಕಾದರೂ ನಿಂತು ಸಮರ್ಥಿಸಬಹುದಿತ್ತು. ಕಾಗದದಲ್ಲಿ ಇನ್ನೂ ಎರಡು ಸಾಲು ಬಾಕಿ ಇದ್ದವು. "ಆವತ್ತು ನೀವದನ್ನ ಸೇರಿಸಿದ್ರೆ ಎಷ್ಟೋ ಜನರ ಪೋರ್ಟು ಕಿವುಡಾಗ್ತಿತ್ತು. ಹಾಗಂತ ನೀವು ಬೇಡ ಅಂದಿದ್ದು ಸರಿ ಆಗ್ಲಿಲ್ಲ ಸ್ವಾಮಿ. ನೀವು ತೆರೆದು ನೋಡ್ಲೇ ಇಲ್ವಲ್ಲ."

ಹೊರಗೆ ಬೀದಿಯಲ್ಲಿ ಯಾರೋ ಕೈಗಾಡಿ ತಳ್ಳಿಕೊಂಡು ಹೋದರು. ಅದರ ಒಂದು ಗಾಲಿ ಕಿರುಗುಟ್ಟುತ್ತ ತಿರುವಿನವರೆಗೂ ಹೋಯಿತು. ಎಂಟು ವರ್ಷದ ಹಿಂದೆ ಅವನು ತೆರೆದು ನೋಡಿದ್ದರೆ, ಎರಡು ಸಾಲು ಸರಿ, ಮೂರನೆಯದು ಬೇಕಲ್ಲವೇ ಎಂದು ಇಬ್ಬರೂ ಒಂದು ಮಧ್ಯಾಹ್ನ ಮಾತಾಡಿಕೊಳ್ಳಬಹುದಿತ್ತು. ಅಷ್ಟೇ ಆಗಬೇಕಾಗಿದ್ದದ್ದು, ಒಂದು ಮಧ್ಯಾಹ್ನ. ಸಮರ್ಥಿಸಬಹುದಾದ ಆ ಸಾಲನ್ನು ಅವನು ಅಳಿಸಿದ. ಸಣ್ಣ ಸ್ವಚ್ಛತೆ ಎಂಬುದನ್ನೂ ಅಳಿಸಿದ. ಖಾಲಿ ಜಾಗದಲ್ಲಿ ಕರ್ಸರು ಮಿನುಗುತ್ತಿತ್ತು.

ಎರಡು ಸಾಲು ಅದಲುಬದಲು ಮಾಡಿ, ಮೂರನೆಯದನ್ನು ಸೇರಿಸಿ, ಗುಡ್ಡಕ್ಕೂ ಒಂದು ಪ್ರತಿ ಕಳಿಸಿ ಪರೀಕ್ಷಿಸುತ್ತೀರಾ ಎಂದು ಕೇಳಿದ. ತಾನು ಬಟ್ಟು ಎತ್ತುತ್ತ ಇಳಿಸುತ್ತ ಎರಡು ಗಂಟೆ ಹೊತ್ತು ತೂಗಿದ. ತೋಳು ಸೋತು, ಸಂಖ್ಯೆ ತಪ್ಪಿ, ಮತ್ತೆ ಹಿಡಿದು, ಸಾವಿರ ದಾಟಿತು. ಒಂದು ಅಕ್ಷರವೂ ಬಾಗಿಲಲ್ಲಿ ನಿಲ್ಲಲಿಲ್ಲ. ನಾಲ್ಕೂಕಾಲಿಗೆ ಗುಡ್ಡದಿಂದ ಒಂದೇ ಸಾಲು ಬಂತು, ಈ ಸಲ ಕ್ಷೇಮಸಮಾಚಾರವಿಲ್ಲದೆ: ಗಂಟೆಗೆ ಕಾಯದೆ ಯಂತ್ರವನ್ನು ಎಡೆಬಿಡದೆ ಮಾತಾಡಿಸಿ ಪರೀಕ್ಷಿಸಿದೆ, ಸರಿಯಿದೆ, ಪರೀಕ್ಷಿಸಿದವರ ಜಾಗದಲ್ಲಿ ಬೇಕಾದರೆ ನನ್ನ ಹೆಸರು ಹಾಕಿಕೊಳ್ಳಿ.

ಆಮೇಲೆ ಟಿಪ್ಪಣಿ ಬರೆದ. ತಪ್ಪು ಏನು, ಅದು ಹನ್ನೆರಡು ವರ್ಷದ ಹಿಂದಿನ ನನ್ನ ಯಾವ ಬದಲಾವಣೆಯಿಂದ ಬಂತು. ಕೆಳಗೆ ಮೂರು ಸಾಲು: ಎಂಟು ವರ್ಷದ ಹಿಂದೆ ಇದನ್ನು ಕಂಡು ಹೇಳಿದವರಿಗೆ ನಾನು ತಂತಿ ನೋಡಿ ಎಂದೆ. ಅವರು ನೋಡಿದರು, ನಾನು ಕೋಡು ನೋಡಲಿಲ್ಲ. ಪಟ್ಟಿಯಲ್ಲಿ ಅವರ ಬಗ್ಗೆ ಆದ ಹಾಸ್ಯ ಶುರುವಾದದ್ದು ನನ್ನಿಂದ. ಅದರಡಿ, ಮೊದಲು ಕಂಡು ಹೇಳಿದವರು ಎಂಬಲ್ಲಿ ಗಾಳಿಯವನ ಪೂರ್ತಿ ಹೆಸರು. ಪರೀಕ್ಷಿಸಿದವರು ಎಂಬಲ್ಲಿ ಮತ್ತೆ ಅದೇ ಹೆಸರು. ನಾಲ್ಕೂ ನಲವತ್ತಕ್ಕೆ ಕಳಿಸಿದ. ಐದು ನಿಮಿಷದಲ್ಲಿ ದೊಡ್ಡಕ್ಕ ಪಟ್ಟಿಗೆ ಬರೆಯದೆ, ಅವನೊಬ್ಬನಿಗೇ ಬರೆದಳು.

"ಯಜಮಾನ್ರೇ, ಕೋಡು ಚೆನ್ನಾಗಿದೆ. ಟಿಪ್ಪಣಿಯ ಆ ಮೂರು ಸಾಲು ಇರಲೇಬೇಕಾ? ಒಳಗೆ ಹೋದ್ರೆ ಹೋಯ್ತು, ನಾವೆಲ್ಲ ಸತ್ತ ಮೇಲೂ ಇರತ್ತೆ. ನಿಮಗೆ ಕಷ್ಟ ಅಂದ್ರೆ ನಾನೇ ಕತ್ತರಿಸಿ ಸೇರಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

ಬೈಗುಳಕ್ಕೆ ಅವನು ತಯಾರಾಗಿದ್ದ, ಈ ಮೃದುತನಕ್ಕಲ್ಲ. ಅವಳ ಕೈಯೇ ಕತ್ತರಿಸುವುದಾದರೆ ತನ್ನ ಕೈ ಶುದ್ಧವಾಗಿಯೇ ಉಳಿಯುತ್ತಿತ್ತು. ಬರೆದೆ ಎಂಬುದೂ ನಿಜ, ಉಳಿಯಲಿಲ್ಲ ಎಂಬುದೂ ನಿಜ. ಗಾಳಿಯವನೂ ಕೇಳುವವನಲ್ಲ. ಬಿಸಿಲು ಮೇಜು ದಾಟಿ ಗೋಡೆಯ ಮೇಲೆ ಹೋಗಿತ್ತು. ಬಾಗಿಲಲ್ಲಿ ಉಗ್ರಾಣದ ಗುಮಾಸ್ತೆ ಬಂದು ನಿಂತು, ತಂತಿನಾ ಸಾರ್ ಎಂದು ಕೇಳಿದಳು. ಅಲ್ಲಮ್ಮ, ನಾನು ಬರೆದದ್ದರಲ್ಲೇ ತಪ್ಪಿತ್ತು ಎಂದು ಅವನು ಹೇಳಿದ. ಹೇಳಿದ್ದು ಇಷ್ಟು ಸಾದಾ ಮಾತಾಗಿ ಕೇಳಿಸಿತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಅವಳು, ಓ, ಎಂದಳು. ಕಂಪ್ಯೂಟರನ್ನು ಯಾವ ಕಡೆಯಿಂದ ಹಿಡಿದರೆ ಎತ್ತಲು ಸುಲಭ ಎಂದು ಸುತ್ತ ನೋಡತೊಡಗಿದಳು. ಅವನು ಪರದೆಗೆ ತಿರುಗಿ ಬರೆದ: "ಇರ್ಲಿ ದೊಡ್ಡಕ್ಕ. ಹಾಗೇ ಸೇರಿಸಿ."

ಐದಕ್ಕೆ ಎರಡು ನಿಮಿಷವಿರುವಾಗ ಅವಳಿಂದ ಸೇರಿಸಿದೆ ಎಂದು ಬಂತು. ಅವನು ಸಮಾಧಾನಕ್ಕಾಗಿ ಕಾದ. ಅದು ಬರಲಿಲ್ಲ, ದಿನವಿಡೀ ಬಟ್ಟು ಎತ್ತಿದ ತೋಳಿನ ನೋವಷ್ಟೇ ಇತ್ತು. ಗುಡ್ಡದಿಂದಲೂ ಏನೂ ಬರಲಿಲ್ಲ, ಬರಬೇಕಾದ್ದು ಯಾವುದೂ ಬಾಕಿ ಇರಲಿಲ್ಲ. ಗುಮಾಸ್ತೆಯ ಜೊತೆ ಕಂಪ್ಯೂಟರನ್ನು ಗಾಡಿಯವರೆಗೆ ಹೊತ್ತು, ಬೀಗ ಹಾಕಿ, ಸಂಜೆಯ ಬೀದಿಯಲ್ಲಿ ನಡೆಯುವಾಗ ಅವನಿಗೆ ಇನ್ನು ಹತ್ತು ವಾರದ ಮೇಲಿನ ಒಂದು ದಿನ ಕಂಡಿತು. ಹೊಸ ಕರ್ನೆಲ್ ಬಂದಿರುತ್ತದೆ. ಗುಡ್ಡದ ಮೇಲೆ ಒಬ್ಬ ಕೋಲನ್ನು ಗೋಡೆಗೆ ಒರಗಿಸಿ ಕೂತು, ನಲವತ್ತೆರಡನೆಯ ಸಲ ಆ ಫೈಲನ್ನು ತೆರೆಯುತ್ತಾನೆ. ಎಲ್ಲ ಗೊತ್ತಿದ್ದರೂ ಬೆರಳುಗಳು ರೂಢಿಯಿಂದ ಆ ಎರಡು ಸಾಲುಗಳ ಬಳಿಗೆ ಹೋಗುತ್ತವೆ. ಅಲ್ಲಿ ಮಾಡುವುದಕ್ಕೆ ಏನೂ ಇರುವುದಿಲ್ಲ. ಕೈಯನ್ನು ಹಾಗೇ ಎತ್ತಿ ಮಡಿಲಲ್ಲಿಟ್ಟುಕೊಂಡು, ಹೊರಗೆ ಬೀಸುವ ಗಾಳಿಯನ್ನು ಅಳೆಯದೆ ಸ್ವಲ್ಪ ಹೊತ್ತು ಸುಮ್ಮನೆ ಕೇಳುತ್ತಾನೆ.